ಬಜಾರಿನ ಹನ್ನೊಂದು ಮಂದಿ

೧೯೭೬ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಫೋಟೋ ಶೀನಪ್ಪ ಹೊಸಪೇಟೆಯ ಮೇನ್ ಬಜಾರಿನಿಂದ ಹನ್ನೊಂದು ಮಂದಿಯನ್ನು ಅಳಿಸಿದ. ಅವರಲ್ಲಿ ಒಬ್ಬಾಕೆಯ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸಿತ್ತು. ಕೂಸನ್ನೂ ಅಳಿಸಿದ.

ಆ ಕೂಸು ಈಗ ಮೂವತ್ತು ವರ್ಷದ ಗಂಡಸಾಗಿ ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು. ಹುಬ್ಬಿನ ಕೂದಲಲ್ಲಿ ಅದಿರಿನ ಕೆಂಪು ಹುಡಿ. ಲಾರಿಯವನು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಬರ್ರಿ, ಕುಂದ್ರಿ," ಎಂದ ಶೀನಪ್ಪ. "ಪಾಸ್‌ಪೋರ್ಟ್ ಸೈಜಾದ್ರ ಮುಂದಿನ ಮೊಬೈಲ್ ಅಂಗಡಿಯೋರೇ ತೆಗೀತಾರ. ನಾನು ಬಿಟ್ಟು ಆರು ವರ್ಷಾತು."

"ತೆಗಿಸ್ಕೊಳ್ಳಾಕ ಬಂದಿಲ್ರಿ. ತೆಗೆದಿದ್ದು ಕೇಳಾಕ ಬಂದೀನಿ. ನಾ ಬಾಳೆಹಣ್ಣಿನ ಹಂಪಮ್ಮನ ಮಗ, ಮಲ್ಲೇಶ."

ಶೀನಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮಲ್ಲೇಶ ಬೆಂಚಿನ ತುದಿಯಲ್ಲಿ ಕೂತು ವಿಷಯ ಹೇಳಿದ. ಬಜಾರಿನ ಬದಿಯಲ್ಲಿ ಕೂತು ಮಾರುವವರನ್ನೆಲ್ಲ ಎಬ್ಬಿಸುತ್ತಾರಂತೆ. ಅಲ್ಲಿ ಪೇಟೆ ಸುಧಾರಣಾ ಸಮಿತಿಯವರು ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ೧೯೮೦ಕ್ಕಿಂತ ಮೊದಲಿನಿಂದ ಅಲ್ಲೇ ಕೂತವರಿಗೆ ಕೆಳಗಿನ ಅಂತಸ್ತಿನಲ್ಲಿ ಒಂದೊಂದು ಕಟ್ಟೆ. ಉಳಿದವರು ಬೈಪಾಸಿನ ಆಚೆ, ಲಾರಿ ನಿಲ್ಲುವ ಬಯಲಿಗೆ. ಹಳಬರು ಎನ್ನುವುದಕ್ಕೆ ಪುರಾವೆ ತೋರಿಸಬೇಕು.

"ರಸ್ತೆದಾಗ ಕುಂತೋರಿಗೆ ಯಾವ ಪುರಾವೆ ಇರ್ತೈತ್ರಿ? ನಮ್ಮವ್ವನ ಕೇಳಿದ್ರ, ಬೆನ್ನ ಹಿಂದಿನ ಗೋಡೆ ಕೇಳು ಅಂತಾಳ. ಮೊನ್ನೆ ಸಮಿತಿ ಹಾಲಿಗೆ ಹೋದ್ರ ವೀರೇಶಣ್ಣಾರು ಗೋಡೆ ಮ್ಯಾಲಿನ ಫೋಟೋ ತೋರ್ಸಿದ್ರು. ‘ಎಪ್ಪತ್ತಾರನೇ ಇಸವೀದು, ಎಲ್ಲದಾಳಪ್ಪ ನಿಮ್ಮವ್ವ, ಬೊಟ್ಟಿಟ್ಟು ತೋರ್ಸು’ ಅಂದ್ರು. ನೋಡಿದ್ನಿ. ಅದ್ರಾಗ ಒಂದು ನಾಯಿ ಐತ್ರಿ, ಕಂಬದ ಬುಡಕ ಮಲಗೇತಿ. ನಮ್ಮವ್ವ ಇಲ್ಲ."

ಆ ನಾಯಿಯನ್ನು ಶೀನಪ್ಪನೇ ಉಳಿಸಿದ್ದ. ಖಾಲಿ ರಸ್ತೆಗೆ ಒಂದು ಕಳೆ ಇರಲಿ ಎಂದು.

"ನಮ್ಮವ್ವ ಭಾಳ ಗಟ್ಟಿಸಿ ಹೇಳ್ತಾಳ್ರಿ. ‘ಅವತ್ತು ಕುಂತಿದ್ದೆ, ನೀ ತೊಡಿ ಮ್ಯಾಲಿದ್ದಿ, ಸ್ವಾಮಿ ನಮ್ಮ ಕಡೀಗೇ ಕ್ಯಾಮೆರಾ ತಿರುವಿದ್ದ’ ಅಂತ. ನಿನಗ ಮರವು ಬಂದೈತಿ, ಅದು ಬ್ಯಾರೆ ದಿನ ಇರಬೇಕು ಅಂದೆ. ಸಿಟ್ಟಿಗೆದ್ದು ಎರಡು ದಿನ ನನಗ ರೊಟ್ಟಿ ಹಾಕಿಲ್ಲ. ನಿಮ್ಮತ್ರ ಮೂಲ ನೆಗೆಟಿವ್ ಇರ್ತೈತಿ, ಕೇಳ್ಕೊಂಡು ಬಾ ಅಂತ ಅಕೀನೇ ಕಳಿಸ್ಯಾಳ."

"ಹುಡುಕಬೇಕಪ್ಪ," ಎಂದ ಶೀನಪ್ಪ. "ಮೂವತ್ತು ವರ್ಷದ ಮಾತು. ಎಲ್ಲೈತೋ ಏನೋ."

ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಕಬ್ಬಿಣದ ಬೀರುವಿನ ಎರಡನೇ ಖಾನೆ, ಬಿಸ್ಕಿಟ್ ಡಬ್ಬಿ, ಬೆಣ್ಣೆ ಕಾಗದದ ಲಕೋಟೆ. ಕಣ್ಣು ಕಟ್ಟಿ ಬಿಟ್ಟಿದ್ದರೂ ತೆಗೆದುಕೊಡುತ್ತಿದ್ದ.

ಚೀನಾಕ್ಕೆ ನಮ್ಮ ಗುಡ್ಡಗಳು ಬೇಕಾಗಿದ್ದ ವರ್ಷಗಳವು. ಸಂಡೂರಿನ ಕಡೆಯಿಂದ ಲಾರಿಗಳು ಸಾಲುಹಿಡಿದು ಗುಡ್ಡವನ್ನು ಹೊತ್ತು ತರುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಧೋತರ ಸಂಜೆಗೆ ಕಾವಿಯಾಗುತ್ತಿತ್ತು. ಮೊನ್ನೆಯವರೆಗೆ ಪಂಕ್ಚರ್ ಹಾಕಿಸಲು ಚೌಕಾಸಿ ಮಾಡುತ್ತಿದ್ದವರು ಈಗ ಕಾರಿನಿಂದ ಇಳಿಯದೆ ಹಾರನ್ ಹೊಡೆದು ಎಳನೀರು ತರಿಸಿ ಕುಡಿಯುತ್ತಿದ್ದರು. ದುಡ್ಡು ಬಂದ ಮೇಲೆ ಊರಿಗೆ ಇದ್ದಕ್ಕಿದ್ದಂತೆ ಹಳೆಯದರ ಮೇಲೆ ಪ್ರೀತಿ ಹುಟ್ಟಿತ್ತು. ಹಳೇ ಅಂಗಡಿಯನ್ನು ಕೆಡವುವುದು, ಆ ಜಾಗದಲ್ಲಿ ಲಾಡ್ಜು ಎಬ್ಬಿಸುವುದು, ಲಾಡ್ಜಿನ ಗೋಡೆಗೆ ಅದೇ ಅಂಗಡಿಯ ಕಪ್ಪುಬಿಳುಪು ಫೋಟೋ ತೂಗುಹಾಕುವುದು. ಹಾಗೆ ತೂಗುಹಾಕಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಗೋಡೆಗಳನ್ನು ಕಂಡದ್ದು ಶೀನಪ್ಪನ ಮೇನ್ ಬಜಾರಿನ ಫೋಟೋ. ಸಮಿತಿಯ ಹಾಲಿನಲ್ಲಿತ್ತು, ಎರಡು ಲಾಡ್ಜುಗಳಲ್ಲಿತ್ತು, ಒಂದು ವರ್ಷ ಎಣ್ಣೆ ಮಿಲ್ಲಿನ ಕ್ಯಾಲೆಂಡರಿಗೂ ಬಂದಿತ್ತು. ‘ಹೆಂಗ ಕನ್ನಡಿ ಇಟ್ಟಂಗ ಚೊಕ್ಕ ಇತ್ತು ನಮ್ಮೂರು’ ಎಂದು ಜನ ಲೊಚಗುಟ್ಟುತ್ತಿದ್ದರು. ಹೊಸ ಕಾಂಪ್ಲೆಕ್ಸಿನ ಬಾಗಿಲಲ್ಲಿ ಅದನ್ನೇ ಆಳೆತ್ತರ ಮಾಡಿಸಿ, ಕೆಳಗೆ ಶೀನಪ್ಪನ ಹೆಸರು ಬರೆಸುತ್ತೇವೆಂದು ವೀರೇಶ ಯುಗಾದಿಗೇ ಬಂದು ಶಾಲು ಹೊದಿಸಿ ಹೇಳಿ ಹೋಗಿದ್ದ. ವೀರೇಶ ಅಂದರೆ ಸಮಿತಿಯ ಈಗಿನ ಅಧ್ಯಕ್ಷ. ಇಪ್ಪತ್ತು ಅದಿರು ಲಾರಿಗಳ ಮಾಲೀಕ. ಎಪ್ಪತ್ತಾರರಲ್ಲಿ ಅಧ್ಯಕ್ಷನಾಗಿದ್ದ ಬಟ್ಟೆ ಅಂಗಡಿ ಕೊಟ್ರಯ್ಯನ ಮಗ.

ಆ ಕೊಟ್ರಯ್ಯನೇ ಅವತ್ತು ಫೋಟೋ ತೆಗೆಯಲು ಹೇಳಿದ್ದು. ಯಾರೋ ದೊಡ್ಡ ಸಾಹೇಬರು ಡ್ಯಾಮ್ ನೋಡಲು ಬರುವವರಿದ್ದರು. ಊರಿಗೆ ಶಿಸ್ತು ಬಂದಿದೆ ಎಂದು ತೋರಿಸಲು ಒಂದು ಆಲ್ಬಮ್ ಕೊಡಬೇಕಿತ್ತು. ಶೀನಪ್ಪ ಬಟ್ಟೆ ಅಂಗಡಿಯ ಮಾಳಿಗೆ ಹತ್ತಿ, ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ಹಾಕಿದ. ಹಗಲು ಹನ್ನೆರಡು. ರಸ್ತೆಯ ಮಣ್ಣು ಬಿಸಿಲಿಗೆ ಸುಣ್ಣದಂತೆ ಹೊಳೆಯುತ್ತಿತ್ತು. ಎಡಬದಿಯ ಬೆಳ್ಳನೆ ಗೋಡೆಗೆ ಬೆನ್ನು ಕೊಟ್ಟು ಹನ್ನೊಂದು ಮಂದಿ ಕೂತಿದ್ದರು. ಹಂಪಿಯ ತೋಟಗಳ ಸುಗಂಧಿ ಬಾಳೆಹಣ್ಣಿನ ಪುಟ್ಟಿ ಇಟ್ಟುಕೊಂಡಿದ್ದ ಹಂಪಮ್ಮ ತಲೆಯೆತ್ತಿ ನೋಡಿದಳು. ಕ್ಯಾಮೆರಾ ಕಂಡದ್ದೇ ಸೆರಗಿನಿಂದ ಕೂಸಿನ ಮೂಗು ಒರೆಸಿ, ಅದರ ಗದ್ದ ಹಿಡಿದು ಮುಖವನ್ನು ಮೇಲಕ್ಕೆ ತಿರುಗಿಸಿದಳು.

ಅವನು ಕೆಳಗಿಳಿದು ಬಂದಾಗ, "ನಾವು ಬಿದ್ವೇನ್ರೀ ಸ್ವಾಮಿ?" ಎಂದು ಕೇಳಿದಳು.

"ಬಿದ್ರಿ, ಬಿದ್ರಿ. ಮಗಾ ಹೀರೋನಂಗ ಬಿದ್ದಾನ," ಎಂದಿದ್ದ.

ಅದು ಸುಳ್ಳಾಗಿರಲಿಲ್ಲ. ನೆಗೆಟಿವ್ ತೊಳೆದು ಬೆಳಕಿಗೆ ಹಿಡಿದಾಗ ಎಲ್ಲರೂ ಇದ್ದರು. ಕೊಟ್ರಯ್ಯ ನೋಡಿ, "ಈ ಸಂತಿ ಬ್ಯಾಡೋ ಶೀನಪ್ಪ," ಎಂದ. "ಸಾಹೇಬ್ರು ನೋಡೋದು. ಇವರನ್ನ ತೆಗಿ."

"ಮೊದಲೇ ಎಬ್ಬಿಸಬೇಕಿತ್ತಲ್ರಿ ಹಂಗಾದ್ರ."

"ನಾವು ಎಬ್ಬಿಸಾಕ ಹೋದ್ರ ಗದ್ಲ ಆಗ್ತೈತಿ. ನೀ ಆದ್ರ ಗದ್ಲ ಇಲ್ದಂಗ ಎಬ್ಬಸ್ತಿ," ಎಂದು ಕೊಟ್ರಯ್ಯ ನಕ್ಕಿದ್ದ. ಶೀನಪ್ಪನೂ ನಕ್ಕಿದ್ದ. ಆಮೇಲೆ ಎಷ್ಟೋ ವರ್ಷ ಅವನಿಗೆ ನೆನಪಾದದ್ದು ಕೊಟ್ರಯ್ಯನ ಮಾತಲ್ಲ, ತಾನು ನಕ್ಕದ್ದು.

ಕೆಲಸವೇನೂ ಹೊಸದಲ್ಲ. ನೆಗೆಟಿವ್‌ನಲ್ಲಿ ಕೆಂಪು ಬಣ್ಣ ಹಚ್ಚಿದ ಜಾಗದಲ್ಲಿ ಬೆಳಕು ದಾಟುವುದಿಲ್ಲ, ಅಲ್ಲಿ ಕಾಗದ ಬೆಳ್ಳಗೇ ಉಳಿಯುತ್ತದೆ. ಬಿಸಿಲಿನ ಮಣ್ಣಿನ ನಡುವೆ ಆ ಬಿಳಿ ಮಣ್ಣೇ ಆಗಿಬಿಡುತ್ತದೆ. ಬಣ್ಣವನ್ನು ಫಿಲ್ಮಿನ ಹಿಂಬದಿಯ ನುಣುಪಿಗೆ ಹಚ್ಚುವುದು ವಾಡಿಕೆ. ಬೇಡವಾದರೆ ಒದ್ದೆ ಹತ್ತಿಯಿಂದ ಒರೆಸಬಹುದು. ಆದರೆ ಹಿಂಬದಿಗೆ ಹಚ್ಚಿದರೆ ಅಂಚು ಸ್ವಲ್ಪ ಕಲಸಿದಂತೆ ಬರುತ್ತದೆ. ಶೀನಪ್ಪನಿಗೆ ಆಗ ಮೂವತ್ತೆರಡು ವರ್ಷ. ಕಂಪ್ಲಿಯಿಂದ ಮರಿಯಮ್ಮನಹಳ್ಳಿಯವರೆಗೆ ತನ್ನಷ್ಟು ಚೂಪಾಗಿ ಬ್ರಷ್ ಆಡಿಸುವವನಿಲ್ಲ ಎಂಬ ಹೆಮ್ಮೆ. ಬಣ್ಣಕ್ಕೆ ಗೋಂದು ಬೆರೆಸಿ, ಚಿತ್ರವಿರುವ ಮುಂಬದಿಗೇ, ಮೂರು ಕೂದಲಿನ ಬ್ರಷ್ಷಿನಲ್ಲಿ ಒಬ್ಬೊಬ್ಬರ ಅಂಚು ಹಿಡಿದು ಎರಡು ದಿನ ಕೂತು ಹಚ್ಚಿದ. ಬ್ಲೇಡಿನಲ್ಲಿ ಕತ್ತರಿಸಿದಂತೆ ಬಂತು. ಮುಗಿದ ಮೇಲೆ ಅವನೇ ಹುಡುಕಿದರೂ ಎಲ್ಲಿ ಯಾರಿದ್ದರೆಂದು ತಿಳಿಯಲಿಲ್ಲ.

ಹಂಪಮ್ಮ ಮೂರು ಸಲ ಬಂದಿದ್ದಳು. ಮೊದಲ ಸಲ ಎರಡು ಬಾಳೆಹಣ್ಣು ತಂದಿದ್ದಳು. ಎರಡನೇ ಸಲ ಕೂಸಿಗೆ ಹೊಸ ಅಂಗಿ ಹಾಕಿದ್ದಳು, ಫೋಟೋ ನೋಡಲು ಬರುವುದಕ್ಕೂ ಹೊಸ ಅಂಗಿ. ಪ್ರತಿಸಲವೂ ‘ಸಮಿತಿಯೋರು ಒಯ್ದಾರ, ಬಂದ ಮ್ಯಾಲೆ ತೋರಿಸ್ತೀನಿ’ ಎಂದ. ನಾಲ್ಕನೇ ಸಲ ಆಕೆ ಬರಲಿಲ್ಲ. ಸ್ಟುಡಿಯೋದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಆಕೆ ಮೂವತ್ತು ವರ್ಷ ಕೂತಳು. ಮೂವತ್ತು ವರ್ಷ ಶೀನಪ್ಪ ರಸ್ತೆಯ ಬಲಬದಿಯಲ್ಲಿ ನಡೆದ.

ಮಲ್ಲೇಶ ಬಂದುಹೋದ ಮಾರನೇ ದಿನ ಊಟ ಮುಗಿಸಿ ಶೀನಪ್ಪ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡ. ಹೆಂಡತಿ ವಿಜಯಲಕ್ಷ್ಮೀ ಹೊರಗಿನಿಂದಲೇ, "ಮತ್ತ ಆ ವಾಸನಿ ಶುರುಮಾಡಿದ್ರೇನು, ಡಾಕ್ಟರ್ರು ಏನ್ ಹೇಳ್ಯಾರ ನಿಮಗ?" ಎಂದಳು.

ಕೊಡದ ತಣ್ಣೀರನ್ನು ಬಟ್ಟೆಯಲ್ಲಿ ಸೋಸಿ ತಟ್ಟೆಗೆ ಹೊಯ್ದು ನೆಗೆಟಿವ್ ಮುಳುಗಿಸಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಣ್ಣ ಮೆತ್ತಗಾಗಿ, ಎಲೆ ಅಡಿಕೆಯ ರಸದಂತೆ ಒಂದೊಂದು ಎಳೆ ಬಿಡತೊಡಗಿತು. ಚಪ್ಪಲಿ ಹೊಲಿಯುವ ದುರುಗಣ್ಣನ ಮೊಣಕಾಲು ಮೊದಲು ಕಂಡಿತು. ಇಷ್ಟು ಸುಲಭವಿತ್ತೇ? ಒಂದು ತಟ್ಟೆ ನೀರಿನ ಕೆಲಸಕ್ಕೆ ಮೂವತ್ತು ವರ್ಷ ಬೇಕಾಯಿತೇ? ತಟ್ಟೆಯನ್ನು ತುಸು ಅಲುಗಿಸಿದ. ಹಂಪಮ್ಮನ ಭುಜ ಬಂತು, ಕೈ ಬಂತು, ಆ ಕೈ ಹಿಡಿದಿದ್ದ ಸಣ್ಣ ಗದ್ದ ಬಂತು.

ಆಗ ದುರುಗಣ್ಣನ ಮೊಣಕಾಲು ಸುಕ್ಕಾಯಿತು. ಕಾದ ಹಾಲಿನ ಕೆನೆ ಊದಿದಾಗ ಮುದುಡುವಂತೆ, ಮುಂಬದಿಯ ಪದರವೇ ಬಣ್ಣದ ಜೊತೆ ಮೇಲೇಳುತ್ತಿತ್ತು. ಗೋಂದು ಮೂವತ್ತು ಬೇಸಿಗೆಗಳಲ್ಲಿ ಚಿತ್ರದ ಮೈಗೇ ಕಚ್ಚಿಕೊಂಡಿತ್ತು. ಶೀನಪ್ಪ ಗಾಬರಿಯಾಗಿ ನೆಗೆಟಿವ್ ಎತ್ತಿದ. ಎತ್ತಿದ್ದೇ ತಡ, ಒಬ್ಬರ ಹಿಂದೊಬ್ಬರು ಜಾರಿದರು. ಅವನೇ ಬರೆದ ಅಂಚಿನಗುಂಟ, ಕೂದಲೆಳೆಯೂ ತಪ್ಪದೆ ಬಿಟ್ಟುಕೊಂಡು ಹನ್ನೊಂದು ಸಿಪ್ಪೆಗಳು ಕೆಂಪು ನೀರಿನಲ್ಲಿ ತೇಲಿದವು. ಬ್ರಷ್ಷಿನ ತುದಿಯಿಂದ ಹಂಪಮ್ಮನ ಸಿಪ್ಪೆಯನ್ನು ಮೇಲೆತ್ತಲು ಹೋದ. ಅದು ಮಡಚಿ, ಮುದ್ದೆಯಾಗಿ, ಬ್ರಷ್ಷಿಗೆ ಅಂಟಿತು.

ಹಿಂಬದಿಗೆ ಹಚ್ಚಿದ್ದರೆ ಉಳಿಯುತ್ತಿದ್ದರು. ಅಂಚು ಕಲಸಿಹೋಗಿದ್ದರೂ ಉಳಿಯುತ್ತಿದ್ದರು.

ಒಣಗಿದ ಮೇಲೆ ಅದನ್ನೇ ದೊಡ್ಡದು ಮಾಡಿ ಪ್ರಿಂಟ್ ಹಾಕಿದ. ಕೆಲಸವಿಲ್ಲದೆ ಹಾಕಿದ, ಕೈ ಸುಮ್ಮನಿರಲಿಲ್ಲ. ಬರಿದಾದ ಫಿಲ್ಮಿನಲ್ಲಿ ಬೆಳಕು ಪೂರ್ತಿ ಹಾಯ್ದು, ಆ ಜಾಗಗಳೆಲ್ಲ ಕಾಗದದ ಮೇಲೆ ಕಪ್ಪಾದವು. ಬೆಳ್ಳನೆ ರಸ್ತೆ, ಕಂಬದ ಬುಡದಲ್ಲಿ ನಾಯಿ, ಗೋಡೆಗುಂಟ ಸಾಲಾಗಿ ಕೂತ ಹನ್ನೊಂದು ಕಪ್ಪು ಆಕಾರ. ಕಣ್ಣಿಲ್ಲ, ಮೂಗಿಲ್ಲ.

ಗುರುವಾರ ಮಧ್ಯಾಹ್ನ ಹಂಪಮ್ಮ ಮಗನ ಜೊತೆ ಬಂದಳು. ಬರುವಾಗ ಪುಟ್ಟಿಯನ್ನೂ ಹೊತ್ತು ತಂದಿದ್ದಳು, ಬಿಟ್ಟುಬಂದರೆ ಸಮಿತಿಯ ವಾಚ್‌ಮನ್ ಎತ್ತಿಕೊಂಡು ಹೋಗುತ್ತಾನೆಂದು. ಶೀನಪ್ಪ ಕುಂದ್ರಿ ಎಂದ. ಆಕೆ ಕೂರಲಿಲ್ಲ. ನಿಂತವಳ ಎದುರು ನಿಂತೇ ಎಲ್ಲವನ್ನೂ ಹೇಳಿದ. ಕೊಟ್ರಯ್ಯನ ಮಾತು, ಎರಡು ದಿನದ ಬಣ್ಣ, ಮೂರು ಸಲದ ಸುಳ್ಳು, ಮೊನ್ನೆಯ ತಟ್ಟೆ. ತಾನು ನಕ್ಕದ್ದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ.

"ಅಂದ್ರ ನಮ್ಮವ್ವಗ ಮರವು ಬಂದಿಲ್ಲ," ಎಂದ ಮಲ್ಲೇಶ ನಿಧಾನಕ್ಕೆ. "ನಾಯಿನ್ನ ಬಿಟ್ರಿ. ನಮ್ಮನ್ನ ಅಳಿಸಿದ್ರಿ."

"ಸುಮ್ನಿರೋ," ಎಂದಳು ಹಂಪಮ್ಮ. ಆಕೆಯ ಕಣ್ಣು ಪ್ರಿಂಟಿನ ಮೇಲಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬೊಟ್ಟಿಟ್ಟಳು. "ಇವ ದುರುಗಣ್ಣ. ಕಾಲು ಹಿಂಗ ಚಾಚ್ಕೊಂಡೇ ಕುಂದ್ರತಿದ್ದ, ದಾಟೋರೆಲ್ಲ ಬೈತಿದ್ರು. ಇವ ಸಾಣಿ ಹಿಡಿಯೋ ಪಾಲಪ್ಪ, ಚಕ್ರ ಕಾಣ್ತೈತಿ ನೋಡು. ಇದು ಕೀಲಿ ರಿಪೇರಿ ಸಾಬ. ಈ ದಪ್ಪಾನಾಕಿ ಯಾರಂತಿ, ಮಂಡಕ್ಕಿ ತಾಯಪ್ಪನ ಹೇಣ್ತಿ. ಒಂದೂ ಗಿರಾಕಿ ಬರ್ಲಿಲ್ಲಂದ್ರ ತಾನ ತಿಂದು ಖಾಲಿ ಮಾಡ್ತಿದ್ಲು." ಬೊಟ್ಟು ಮುಂದೆ ಸರಿಯಿತು. ಹನ್ನೊಂದರಲ್ಲಿ ಎಂಟು ಮಂದಿ ಸತ್ತಿದ್ದರು. ಇಬ್ಬರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಬೊಟ್ಟು ಪುಟ್ಟಿಯಿದ್ದ ಕಪ್ಪು ಆಕಾರದ ಮೇಲೆ ನಿಂತಿತು. ತೊಡೆಯ ಬಳಿ ಅದು ಸ್ವಲ್ಪ ಉಬ್ಬಿತ್ತು.

"ಈ ಗಂಟು ಐತಲ್ಲ, ಇದು ನೀನು," ಎಂದಳು ಮಗನಿಗೆ. ಅವನು ಬಗ್ಗಿ ನೋಡಿದ. ಅವನ ಮೂವತ್ತು ವರ್ಷದ ಬದುಕಿನಲ್ಲಿ ಕೂಸಾಗಿದ್ದಾಗಿನ ಫೋಟೋ ಅಂತ ಇದ್ದದ್ದು ಅದೊಂದೇ.

ಶೀನಪ್ಪನಿಗೆ ಆ ಹೊತ್ತಿಗೆ ಒಂದು ದಾರಿ ಹೊಳೆದಿತ್ತು, ಎರಡು ದಿನದಿಂದ ಅದನ್ನೇ ಹಿಡಿದು ಕೂತಿದ್ದ. "ಇದನ್ನ ಸರಿ ಮಾಡಬೌದು," ಎಂದ. "ನನಗ ಬರ್ತೈತಿ. ಫೋಟೋನ ಇಲ್ದಂಗ ಸತ್ತೋರಿಗೆ ಎಷ್ಟು ಮಂದಿಗೆ ಫೋಟೋ ಮಾಡಿಕೊಟ್ಟಿಲ್ಲ? ದೋಣಿಮಲೈಯಾಗ ಒಬ್ಬ ಫಿಟ್ಟರ್ ತೀರಿಕೊಂಡಾಗ ಮದುವಿ ಗುಂಪಿನ ಫೋಟೋದಿಂದ ತಲಿ ತೆಗೆದು, ಬ್ಯಾರೇದವರ ಕೋಟು ಹಾಕಿ ಕೂಡ್ರಿಸಿದ್ದೆ. ಅವನ ಹೇಣ್ತಿಗೂ ಅದು ಕೂಡಿಸಿದ್ದು ಅಂತ ತಿಳೀಲಿಲ್ಲ. ಹಂಪಮ್ಮ, ನೀನು ಪುಟ್ಟಿ ಇಟ್ಕೊಂಡು ಈ ಸ್ಟೂಲ್ ಮ್ಯಾಲೆ ಕುಂದ್ರು. ಮ್ಯಾಲಿನಿಂದ ತೆಗೀತೀನಿ. ಇಷ್ಟು ಸಣ್ಣದ್ರಾಗ ವಯಸ್ಸು ಕಾಣಂಗಿಲ್ಲ. ಈ ಕಪ್ಪಿನ ಮ್ಯಾಲೆ ಹಂಗ ಕೂಡ್ರಿಸ್ತೀನಿ. ಯಾರಪ್ಪಗೂ ಗೊತ್ತಾಗಂಗಿಲ್ಲ."

"ಕುಂದ್ರಬೇ," ಎಂದ ಮಲ್ಲೇಶ. ಅವನ ಸಿಟ್ಟು ಒಮ್ಮೆಲೇ ಆಸೆಯಾಗಿತ್ತು. "ಕುಂದ್ರು. ಕಟ್ಟಿ ಸಿಕ್ರ ಸಾಕಲ್ಲ ನಮಗ."

ಹಂಪಮ್ಮ ಸ್ಟೂಲನ್ನು ನೋಡಿದಳು. ಕೂರಲಿಲ್ಲ.

"ಅವತ್ತು ನಾ ಖರೇ ಕುಂತಿದ್ದೆ," ಎಂದಳು. "ಖರೇ ಕುಂತಿದ್ದಕ್ಕ ಈಗ ಸುಳ್ಳು ಕುಂದ್ರಬೇಕಾ? ನನ್ನನ್ನೇನೋ ಕುಂದ್ರಿಸ್ತಿ ಸ್ವಾಮಿ. ದುರುಗಣ್ಣನ ಎಲ್ಲಿಂದ ತರ್ತಿ? ಪಾಲಪ್ಪನ ಮೊಮ್ಮಗ ನನ್ನ ಮಗ್ಗಲಾಗ ಚಾಕು ಮಾರ್ತಾನ, ಅವಗೇನು ಹೇಳ್ಲಿ?"

"ಮತ್ತೇನು ಮಾಡ್ಲಿ ಹೇಳವ್ವ."

"ಅಳಿಸಿದ್ದು ನಿನ್ನ ಕೈ. ಬಾಯೂ ನಿಂದ ಐತಲ್ಲ. ಹೋಗಿ ಹೇಳು. ಶನಿವಾರ ಹತ್ತು ಗಂಟಿಗೆ ಸಮಿತಿಯೋರು ನಮ್ಮನ್ನ ಕರ್ದಾರ."

ಪುಟ್ಟಿ ಎತ್ತಿ ತಲೆಗಿಟ್ಟುಕೊಳ್ಳುವಾಗ ಮಲ್ಲೇಶ ಕೈ ಹಚ್ಚಿದ. ಬಾಗಿಲು ದಾಟಿದವಳು ತಿರುಗಿದಳು. "ನನ್ನ ಮಾರಿ ಇರ್ಲಿ, ಸುಡುಗಾಡು. ಇವನ ಮಾರಿ ಆಗ ಹೆಂಗಿತ್ತು ಅಂತ ನನಗ ಮರ್ತೋಗೈತಿ ಸ್ವಾಮಿ. ಅದೊಂದು ನೋಡ್ಬೇಕು ಅಂತ ಮೂರು ಸಲ ಬಂದಿದ್ದೆ."

ಅದನ್ನು ಆಕೆ ಬೈದು ಹೇಳಲಿಲ್ಲ. ಬೈದಿದ್ದರೆ ಶೀನಪ್ಪ ಅವತ್ತು ಸಂಜೆ ಎರಡು ತುತ್ತು ಉಣ್ಣುತ್ತಿದ್ದ.

ವಿಜಯಲಕ್ಷ್ಮೀ ತಟ್ಟೆಯಲ್ಲಿ ಹಾಗೇ ಉಳಿದ ಅನ್ನ ನೋಡಿ, "ಶನಿವಾರ ಹೋಗ್ತೀರೇನು?" ಎಂದಳು.

"ನಿನಗ ಯಾರು ಹೇಳಿದ್ರು?"

"ಇಷ್ಟಗಲ ಮನಿ. ನನಗೇನು ಕಿವಿ ಇಲ್ಲೇನು? ಕಿವಿ ಬ್ಯಾಡ, ಮೂವತ್ತು ವರ್ಷ ಇಪ್ಪತ್ತು ಹೆಜ್ಜಿ ಮ್ಯಾಲಿನ ಬಾಳೆಹಣ್ಣಿಗೆ ನನ್ನ ಕಳಿಸಿದ್ರಿ. ಒಂದಿನಾನರ ನೀವು ಹೋಗಿದ್ರ ನಾ ಏನೂ ತಿಳ್ಕೊಳ್ತಿದ್ದಿಲ್ಲ."

"ಊರಾಗ ಮಾರಿ ಎತ್ತಾಕ ಆಗಂಗಿಲ್ಲ, ವಿಜಯಾ. ಶಾಲು ಹೊದಿಸಿದೋರ ಮುಂದ ಹೋಗಿ, ಈ ಫೋಟೋ ಖೊಟ್ಟಿ ಅನ್ಬೇಕು. ನನ್ನ ಹೆಸರಿನಾಗ ಇರೋದು ಅದೊಂದ."

ವಿಜಯಲಕ್ಷ್ಮೀ ತಟ್ಟೆ ಎತ್ತಿಕೊಂಡಳು. "ಅಕಿ ಹೆಸರಿನಾಗೂ ಅದೊಂದ ಐತಲ್ರಿ, ಗೋಡಿಗೆ ಹಚ್ಚಿದ ಜಾಗ," ಎಂದು ಒಳಗೆ ಹೋದಳು.

ಶನಿವಾರ ಸಮಿತಿಯ ಹಾಲಿನಲ್ಲಿ ಉದ್ದ ಮೇಜಿನ ಹಿಂದೆ ನಾಲ್ವರು ಕೂತಿದ್ದರು. ನಡುವೆ ವೀರೇಶ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಮುಂದೆ ಎರಡು ಮೊಬೈಲು. ಅವನ ತಲೆಯ ಮೇಲೆ ಕಟ್ಟು ಹಾಕಿದ ಮೇನ್ ಬಜಾರು. ಮಾರುವ ಹೆಂಗಸರು ಗಂಡಸರು ನಲವತ್ತು ಮಂದಿ ಗೋಡೆಗುಂಟ ನಿಂತಿದ್ದರು. ಕುರ್ಚಿಗಳಿದ್ದವು, ಕೂರಿ ಎಂದು ಯಾರೂ ಹೇಳಿರಲಿಲ್ಲ. ಹಂಪಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಶೀನಪ್ಪ ಬಂದದ್ದನ್ನು ನೋಡಿದಳು, ಅಷ್ಟೇ.

ವೀರೇಶ ಎದ್ದು ಬಂದು ಕೈ ಹಿಡಿದ. "ಬರ್ರಿ ಕಾಕಾ, ನೀವ್ಯಾಕ ಬಿಸಿಲಾಗ ಬಂದ್ರಿ, ಹೇಳಿದ್ರ ಗಾಡಿ ಕಳಿಸ್ತಿದ್ದೆ. ಲೇ, ಕಾಕಾಗ ಟೀ ತರ್ರಿ."

ಶೀನಪ್ಪ ಟೀ ಬರುವ ಮೊದಲೇ ಹೇಳಿಬಿಟ್ಟ. ಬಂದಮೇಲೆ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೋಡೆಯ ಫೋಟೋ ತೋರಿಸಿ, ಇದರಲ್ಲಿ ಹನ್ನೊಂದು ಮಂದಿ ಇದ್ದರು, ನಾನೇ ಅಳಿಸಿದೆ ಎಂದ. ಕೊಟ್ರಯ್ಯ ಹೇಳಿದ್ದನ್ನೂ, ತಾನು ನಕ್ಕದ್ದನ್ನೂ ಹೇಳಿದ. ಹೊಸ ಪ್ರಿಂಟನ್ನು ಮೇಜಿನ ಮೇಲಿಟ್ಟು ಒಂದೊಂದೇ ಹೆಸರು ಹೇಳುತ್ತ ಹೋದ. ಗೋಡೆಗುಂಟ ನಿಂತವರಲ್ಲಿ ಯಾರೋ ಒಬ್ಬ, ಪಾಲಪ್ಪನ ಹೆಸರು ಬಂದಾಗ, "ನಮ್ಮ ಮುತ್ಯಾ," ಎಂದ.

ಮೇಜಿನ ಎಡತುದಿಯಲ್ಲಿದ್ದ ಕ್ರಷರ್ ಮಾಲೀಕ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದ್ರಾಗ ಮಂದಿ ಎಲ್ಲದಾರಪಾ? ಹನ್ನೊಂದು ಮಸಿ ಕಾಣಸ್ತಾವ. ಮಸಿಗೆ ಅಂಗಡಿ ಕೊಡೂನಂತೀಯಾ ವೀರೇಶ?" ಎಂದ. ಒಂದಿಬ್ಬರು ನಕ್ಕರು.

ವೀರೇಶ ನಗಲಿಲ್ಲ. ಅವನು ಪ್ರಿಂಟನ್ನು ಸರಿಯಾಗಿಯೇ ನೋಡಿದ್ದ. ಅದನ್ನು ಬೋರಲು ಹಾಕಿ, ಅದರ ಮೇಲೆ ಒಂದು ಮೊಬೈಲ್ ಇಟ್ಟು, ಕುರ್ಚಿಯನ್ನು ಶೀನಪ್ಪನ ಹತ್ತಿರ ಎಳೆದುಕೊಂಡ.

"ಕಾಕಾ," ಎಂದ ತಗ್ಗಿದ ದನಿಯಲ್ಲಿ, "ನಮ್ಮಪ್ಪ ಹೇಳಿದ್ದು ಅಂತೀರಿ. ನಮ್ಮಪ್ಪ ಈಗಿಲ್ಲ. ಇದು ಕೋರ್ಟಿಗೆ ಹೋತು ಅಂತ ತಿಳ್ಕೊಳ್ರಿ, ಖೊಟ್ಟಿ ಫೋಟೋ ಮಾಡಿದೋರು ಯಾರು ಅಂತ ಕೇಳ್ತಾರ. ಯಾರ ಹೆಸರು ಬರ್ತೈತಿ? ಈ ವಯಸ್ಸಿನಾಗ ಬೇಕೇನು ನಿಮಗ ಇದೆಲ್ಲ? ಬಾಗಿಲಿಗೆ ನಿಮ್ಮ ಹೆಸರಿನ ಕಲ್ಲು ಕೆತ್ತಾಕ ಕೊಟ್ಟೀನಿ, ಖರೇ. ನೀವು ಯಾರ ವಿರುದ್ಧಾನೂ ಹೇಳೋದು ಬ್ಯಾಡ, ಯಾರ ಪರಾನೂ ಬ್ಯಾಡ."

ಒಂದು ಬಿಳಿ ಹಾಳೆಯನ್ನು ಅವನ ಮುಂದೆ ಸರಿಸಿ, ಜೇಬಿನ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಅವನ ಬೆರಳುಗಳ ನಡುವೆ ಇಟ್ಟ.

"ಒಂದು ಸಾಲು ಬರೀರಿ ಸಾಕು. ‘ವಯಸ್ಸಾದ ಕಾರಣ ಆ ದಿನದ ಸಂಗತಿ ನನಗೆ ನೆನಪಿಲ್ಲ.’ ಕೆಳಗ ಸಹಿ. ಮನೀತಂಕ ನಾನ ಬಿಟ್ಟು ಬರ್ತೀನಿ."

ಶೀನಪ್ಪ 'ವ' ಎಂದು ಬರೆಯಲು ಕೈ ಊರಿದ. ಹಾಳೆ ನುಣುಪಾಗಿತ್ತು. ಬರೆದರೆ ಅದರಲ್ಲಿ ಅರ್ಧ ನಿಜವೂ ಇತ್ತು, ವಯಸ್ಸಾಗಿತ್ತು. ಹೊರಗೆ ಸಂಡೂರಿನ ಲಾರಿಗಳು ಕ್ರಾಸಿನಲ್ಲಿ ಸಿಕ್ಕಿಕೊಂಡು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಟೀ ಬಂದಿತ್ತು.

ಅವನು ಪೆನ್ನಿನ ಮುಚ್ಚಳವನ್ನು ಹುಡುಕಿ ಹಾಕಿದ. ವೀರೇಶನ ಜೇಬಿಗೇ ಅದನ್ನು ಸಿಕ್ಕಿಸಿದ, ಮಕ್ಕಳ ಜೇಬಿಗೆ ಸಿಕ್ಕಿಸುವಂತೆ.

"ನೆನಪೈತಪ್ಪ," ಎಂದ.

"ಕಾಕಾ, ಬರೀರಿ."

"ಬರಿಯಂಗಿಲ್ಲ."

ವೀರೇಶ ಕುರ್ಚಿ ಹಿಂದಕ್ಕೆ ತಳ್ಳಿದ. ಫ್ಯಾನಿನ ಗಾಳಿಗೆ ಖಾಲಿ ಹಾಳೆಯ ಮೂಲೆ ಎದ್ದಿತು, ಬಿದ್ದಿತು, ಮತ್ತೆ ಎದ್ದು ಮೇಜಿನ ಅಂಚಿನತ್ತ ಜಾರತೊಡಗಿತು. ಯಾರೂ ಅದಕ್ಕೆ ಕೈ ಅಡ್ಡ ಇಡಲಿಲ್ಲ.